ಎರಡು ಪದಗಳ ಮೊಕದ್ದಮೆ: ಕೇಸು ಗೆದ್ದ ನಿರ್ಮಾಪಕ, ಕಾಗದದ ಮೇಲೆ ಹುಟ್ಟದ ಲಾಭ

1988ರ ಜೂನ್ ಕೊನೆಗೆ ಅಮೆರಿಕದಲ್ಲಿ ‘ಕಮಿಂಗ್ ಟು ಅಮೆರಿಕ’ ಸಿನಿಮಾ ತೆರೆಗೆ ಬಂತು. ಎಡ್ಡಿ ಮರ್ಫಿ ನಾಯಕ, ಜಾನ್ ಲ್ಯಾಂಡಿಸ್ ನಿರ್ದೇಶಕ, ದುಡ್ಡು ಹಾಕಿದ್ದು ಪ್ಯಾರಮೌಂಟ್ ಪಿಕ್ಚರ್ಸ್. ಜಗತ್ತಿನ ಚಿತ್ರಮಂದಿರಗಳಲ್ಲಿ ಒಟ್ಟು 28 ಕೋಟಿ ಡಾಲರಿಗೂ ಹೆಚ್ಚು ಟಿಕೆಟ್ ಮಾರಾಟವಾಯಿತು. ಆ ವರ್ಷದ ದೊಡ್ಡ ಹಿಟ್‌ಗಳಲ್ಲಿ ಅದೂ ಒಂದು. ಆದರೆ ಎರಡು ವರ್ಷ ತುಂಬುವ ಹೊತ್ತಿಗೆ ಪ್ಯಾರಮೌಂಟ್ ತನ್ನ ಲೆಕ್ಕದ ಹಾಳೆ ತೋರಿಸಿ ಹೇಳಿದ್ದು ಬೇರೆ. ಕಂಪನಿಯ ಕೈಗೆ ಬಂದದ್ದು ಸುಮಾರು 12.5 ಕೋಟಿ ಡಾಲರ್. ನಿವ್ವಳ ಲಾಭ ಸೊನ್ನೆ. ಅಷ್ಟೇ ಅಲ್ಲ, ಲೆಕ್ಕದಲ್ಲಿ ಇನ್ನೂ ಸುಮಾರು 1.8 ಕೋಟಿ ಡಾಲರ್ ಕೊರತೆ.

ಆ ಹಾಳೆಯಲ್ಲಿ ಕೂಡಿಸಿ ಕಳೆದದ್ದರಲ್ಲಿ ತಪ್ಪಿತ್ತು ಅಂತ ಯಾರೂ ಕೇಸು ಹಾಕಲಿಲ್ಲ. ಅಗ್ರಿಮೆಂಟ್‌ನಲ್ಲಿ ಬರೆದ ಪ್ರಕಾರವೇ ಅದು ತಯಾರಾಗಿತ್ತು. ತಪ್ಪು ಇದ್ದದ್ದು ಅಗ್ರಿಮೆಂಟ್‌ನಲ್ಲೇ ಅನ್ನುವುದು ಇನ್ನೊಂದು ಪಕ್ಷದ, ಅಂದರೆ ಕಥೆ ಕೊಟ್ಟ ಬರಹಗಾರ ಮತ್ತು ನಿರ್ಮಾಪಕರ ವಾದ. ಹಾಗಾಗಿಯೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು. ನನ್ನ ಕೆಲಸ ಸಣ್ಣ ನಿರ್ಮಾಪಕರ ಅಗ್ರಿಮೆಂಟ್ ಓದಿ, ಅದರಲ್ಲಿ ಏನಿದೆ ಅಂತ ಅವರಿಗೆ ಬಿಡಿಸಿ ಹೇಳುವುದು. ಇತ್ತೀಚೆಗೆ ಒಬ್ಬರು ಬಂದು ಕೇಳಿದರು: “ನೆಟ್‌ನಲ್ಲಿ 20 ಪರ್ಸೆಂಟ್ ಕೊಡ್ತಾರಂತೆ ಸಾರ್, ಸೈನ್ ಮಾಡ್ಲಾ?” ನೆಟ್ ಅಂದರೆ ನಿವ್ವಳ ಲಾಭ. ಅವರಿಗೆ ಉತ್ತರ ಹೇಳುವ ಮೊದಲು ನಾನು ಹೇಳಿದ್ದು ಈ ಕಥೆಯನ್ನೇ.

ಎಂಟು ಪುಟದ ಕಥೆ

ಆರ್ಟ್ ಬುಕ್‌ವಾಲ್ಡ್ ಅಮೆರಿಕದ ಹೆಸರಾಂತ ಅಂಕಣಕಾರ. ರಾಜಕೀಯವನ್ನು ಹಾಸ್ಯದಲ್ಲಿ ಬರೆಯುವುದು ಅವರ ಶೈಲಿ. 1982ರಲ್ಲಿ ಅವರಿಗೆ ಪುಲಿಟ್ಜರ್ ಬಹುಮಾನ ಬಂತು. ಅದೇ ಸುಮಾರಿಗೆ ಅವರು ಸಿನಿಮಾಕ್ಕೆಂದು ಒಂದು ಎಂಟು ಪುಟದ ಕಥೆ ಬರೆದರು. ಹಾಲಿವುಡ್‌ನಲ್ಲಿ ಇದಕ್ಕೆ ಟ್ರೀಟ್‌ಮೆಂಟ್ ಅನ್ನುತ್ತಾರೆ. ನಮ್ಮಲ್ಲಿ ಸಿನಾಪ್ಸಿಸ್ ಅನ್ನುತ್ತೇವಲ್ಲ, ಅಂಥದ್ದು. ಇರಾನಿನ ಷಾ ಅಮೆರಿಕಕ್ಕೆ ಭೇಟಿ ಕೊಟ್ಟದ್ದನ್ನು ನೋಡಿ ಹೊಳೆದ ಕಥೆ ಅದು. ಆಫ್ರಿಕಾದ ಒಬ್ಬ ಶ್ರೀಮಂತ ದೊರೆ ಅಮೆರಿಕಕ್ಕೆ ಬರುತ್ತಾನೆ. ಬಂದಾಗಲೇ ಅತ್ತ ತನ್ನ ದೇಶದಲ್ಲಿ ಅವನ ಸಿಂಹಾಸನ ಹೋಗುತ್ತದೆ. ಬಡವರ ಕೇರಿಯಲ್ಲಿ ಸಾಮಾನ್ಯನಂತೆ ಬದುಕುತ್ತಾನೆ, ಅಲ್ಲಿಯೇ ಪ್ರೀತಿ ಸಿಗುತ್ತದೆ.

ಕಥೆಯನ್ನು ಅವರು ಗೆಳೆಯ ಆಲನ್ ಬರ್ನ್‌ಹೈಮ್ ಕೈಗೆ ಕೊಟ್ಟರು. ಬರ್ನ್‌ಹೈಮ್ ನಿರ್ಮಾಪಕ. ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮ ಗಾಂಧಿನಗರದಲ್ಲಿ ನಿರ್ಮಾಪಕ ಅಂದರೆ ಹೆಚ್ಚಾಗಿ ದುಡ್ಡು ಹಾಕುವವರು. ಹಾಲಿವುಡ್‌ನಲ್ಲಿ ನಿರ್ಮಾಪಕ ಅಂದರೆ ಕಥೆ ಹುಡುಕಿ, ಅದನ್ನು ಸ್ಟುಡಿಯೋಗೆ ಒಪ್ಪಿಸಿ, ಚಿತ್ರವನ್ನು ಕಟ್ಟುವವರು. ಬಂಡವಾಳ ಸ್ಟುಡಿಯೋದ್ದು. ಹಾಗಾಗಿ ನಿರ್ಮಾಪಕನೂ ಅಲ್ಲಿ ಅಗ್ರಿಮೆಂಟ್‌ಗೆ ಸಹಿ ಹಾಕಿ ಪಾಲಿಗಾಗಿ ಕಾಯುವ ಮನುಷ್ಯ. ಈಗ ಓಟಿಟಿ ಕಂಪನಿಗೋ ದೊಡ್ಡ ಪ್ರೊಡಕ್ಷನ್ ಹೌಸ್‌ಗೋ ಪ್ರಾಜೆಕ್ಟ್ ತೆಗೆದುಕೊಂಡು ಹೋಗುವ ನಮ್ಮ ಹುಡುಗರು ನಿಲ್ಲುವುದೂ ಇದೇ ಜಾಗದಲ್ಲಿ.

ಬರ್ನ್‌ಹೈಮ್ ಕಥೆಯನ್ನು ಪ್ಯಾರಮೌಂಟ್‌ನ ಜೆಫ್ರಿ ಕಾಟ್ಜೆನ್‌ಬರ್ಗ್ ಮುಂದಿಟ್ಟರು. ಎಡ್ಡಿ ಮರ್ಫಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಕಂಪನಿಗೆ ಅನ್ನಿಸಿತು. ‘ಕಿಂಗ್ ಫಾರ್ ಎ ಡೇ’ ಅಂತ ಹೆಸರಿಟ್ಟರು. 1983ರ ಆರಂಭದಲ್ಲಿ ಎರಡು ಅಗ್ರಿಮೆಂಟ್ ಆದವು. ಸಿನಿಮಾ ಆದರೆ ಬರ್ನ್‌ಹೈಮ್‌ಗೆ ನಿರ್ಮಾಪಕನಾಗಿ 2 ಲಕ್ಷ ಡಾಲರ್, ಜೊತೆಗೆ ನಿವ್ವಳ ಲಾಭದಲ್ಲಿ ಶೇ 17.5. ಬುಕ್‌ವಾಲ್ಡ್‌ಗೆ 65 ಸಾವಿರ ಡಾಲರ್, ಜೊತೆಗೆ ಶೇ 1.5. ಇಬ್ಬರದೂ ಸೇರಿ ಶೇ 19. ಕೇಳಲು ಜಾಸ್ತಿಯೇ ಅನ್ನಿಸುತ್ತದೆ, ಅಲ್ವಾ?

ಈ ಕಾಗದದಲ್ಲಿ ಎರಡು ಪದಗಳ ಮೇಲೆ ನನ್ನ ಕಣ್ಣು. ಒಂದು, ‘ಆಧರಿಸಿದ’. ಬುಕ್‌ವಾಲ್ಡ್ ಅವರ ಕೃತಿಯನ್ನು ಆಧರಿಸಿದ ಸಿನಿಮಾ ಆದರೆ ಮಾತ್ರ ಹಣ ಅಂತ ಷರತ್ತು. ಆಧರಿಸಿದ ಅಂದರೇನು ಅಂತ ಎಲ್ಲೂ ವಿವರಿಸಿರಲಿಲ್ಲ. ಇನ್ನೊಂದು, ‘ನಿವ್ವಳ ಲಾಭ’. ಇದಕ್ಕೆ ಮಾತ್ರ ಅನುಬಂಧದಲ್ಲಿ ಪುಟಗಟ್ಟಲೆ ವಿವರಣೆ. ವಿವರಣೆ ಇಲ್ಲದ ಪದ ಇವರನ್ನು ಉಳಿಸಿತು. ವಿವರಣೆ ತುಂಬಿದ ಪದ ಇವರನ್ನು ಮುಳುಗಿಸಿತು.

ಮುಂದೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ಪ್ಯಾರಮೌಂಟ್ ಬೇರೆ ಬರಹಗಾರರಿಂದ ಸ್ಕ್ರಿಪ್ಟ್ ಬರೆಸಿತು. 4 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಸ್ಕ್ರಿಪ್ಟ್ ಹಿಡಿಸಲಿಲ್ಲ. 1985ರಲ್ಲಿ ಪ್ರಾಜೆಕ್ಟ್ ಕೈಬಿಟ್ಟಿತು. 1986ರಲ್ಲಿ ವಾರ್ನರ್ ಬ್ರದರ್ಸ್ ಅದೇ ಕಥೆಯ ಹಕ್ಕಿಗೆ ಆಪ್ಷನ್, ಅಂದರೆ ಗೊತ್ತುಪಡಿಸಿದ ಅವಧಿಯೊಳಗೆ ಕೊಳ್ಳುವ ಅವಕಾಶ, ತೆಗೆದುಕೊಂಡಿತು. 1987ರಲ್ಲಿ ಪ್ಯಾರಮೌಂಟ್ ಹೊಸ ಸಿನಿಮಾ ಶುರು ಮಾಡಿತು. ಆಫ್ರಿಕಾದ ಒಬ್ಬ ರಾಜಕುಮಾರ ಹೆಂಡತಿಯನ್ನು ಹುಡುಕಿಕೊಂಡು ಅಮೆರಿಕಕ್ಕೆ ಬರುತ್ತಾನೆ, ಬಡ ಬಡಾವಣೆಯಲ್ಲಿ ಕೂಲಿಯಂತೆ ದುಡಿಯುತ್ತಾನೆ. ನಾಯಕ ಎಡ್ಡಿ ಮರ್ಫಿ. ಕಥೆ: ಎಡ್ಡಿ ಮರ್ಫಿ ಅಂತ ಹೆಸರು. ಈ ಸುದ್ದಿ ತಿಳಿದ ವಾರ್ನರ್ 1988ರ ಜನವರಿಯಲ್ಲಿ ತನ್ನ ಪ್ರಾಜೆಕ್ಟ್ ನಿಲ್ಲಿಸಿತು. ಬರ್ನ್‌ಹೈಮ್‌ಗೆ ಎರಡೂ ಕಡೆ ಬಾಗಿಲು ಮುಚ್ಚಿತು.

1988ರ ನವೆಂಬರ್‌ನಲ್ಲಿ ಇಬ್ಬರೂ ಲಾಸ್ ಏಂಜಲೀಸ್ ಸುಪೀರಿಯರ್ ಕೋರ್ಟ್‌ನಲ್ಲಿ ದಾವೆ ಹೂಡಿದರು. ವಕೀಲರು ಪಿಯರ್ಸ್ ಒಡೊನೆಲ್. ನ್ಯಾಯಾಧೀಶರು ಹಾರ್ವಿ ಶ್ನೈಡರ್. ವಿಚಾರಣೆ ಮೂರು ಹಂತದಲ್ಲಿ ನಡೆಯಿತು.

ಮೊದಲ ಪದ: ಆಧರಿಸಿದ

ಇಲ್ಲಿ ವಕೀಲರು ಮಾಡಿದ ಒಂದು ಆಯ್ಕೆಯನ್ನು ನಾನು ತುಂಬ ಗೌರವಿಸುತ್ತೇನೆ. ಅವರು ಕಾಪಿರೈಟ್ ಉಲ್ಲಂಘನೆ ಅಂತ ಕೇಸು ಕಟ್ಟಲಿಲ್ಲ. ಕಾಪಿರೈಟ್ ಕಾನೂನು ಐಡಿಯಾವನ್ನು ಕಾಪಾಡುವುದಿಲ್ಲ, ಅದನ್ನು ಹೇಳಿದ ರೀತಿಯನ್ನು ಮಾತ್ರ ಕಾಪಾಡುತ್ತದೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರಲ್ಲಿ ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಎಂಟು ಪುಟದ ಕಥೆಗೂ ಎರಡು ಗಂಟೆಯ ಸಿನಿಮಾಕ್ಕೂ ಸಂಭಾಷಣೆ, ದೃಶ್ಯ, ಪಾತ್ರದ ಹೆಸರು ಯಾವುದೂ ಒಂದೇ ಆಗಿರಲಿಲ್ಲ. ಆ ದಾರಿಯಲ್ಲಿ ಹೋಗಿದ್ದರೆ ಗೆಲ್ಲುವುದು ಬಹಳ ಕಷ್ಟವಿತ್ತು.

ಅವರು ಹಿಡಿದದ್ದು ಕರಾರನ್ನು. ‘ನೀವು ನಮಗೆ ಮಾತು ಕೊಟ್ಟಿದ್ದೀರಿ. ನಮ್ಮ ಕಥೆಯನ್ನು ಆಧರಿಸಿ ಸಿನಿಮಾ ಮಾಡಿದರೆ ಹಣ ಕೊಡುತ್ತೇವೆ ಅಂದಿದ್ದೀರಿ. ಮಾಡಿದ್ದೀರಿ. ಕೊಡಿ.’ ವಾದ ಇಷ್ಟೇ.

ಹಾಗಾದರೆ ಆಧರಿಸಿದ ಅಂದರೆ ಎಷ್ಟು ಹೋಲಿಕೆ ಬೇಕು? ಅಗ್ರಿಮೆಂಟ್ ಹೇಳುವುದಿಲ್ಲ. ಆದ್ದರಿಂದ ನ್ಯಾಯಾಧೀಶರು ಹಳೆಯ ತೀರ್ಪುಗಳನ್ನು ನೋಡಿದರು. ಕಥೆ ಕಂಪನಿಯ ಕೈಗೆ ಸಿಕ್ಕಿತ್ತು ಅನ್ನುವುದಕ್ಕೆ ಸಾಕ್ಷ್ಯ ಗಟ್ಟಿಯಾಗಿದ್ದಷ್ಟೂ ಹೋಲಿಕೆ ಸ್ವಲ್ಪ ಕಮ್ಮಿ ಇದ್ದರೂ ಸಾಕು ಅನ್ನುವ ದಾರಿ ಹಿಡಿದರು. ಇಲ್ಲಿ ಕಥೆ ಕೈಗೆ ಸಿಕ್ಕಿದ್ದರ ಬಗ್ಗೆ ಅನುಮಾನವೇ ಇರಲಿಲ್ಲ. ದುಡ್ಡು ಕೊಟ್ಟು ತೆಗೆದುಕೊಂಡದ್ದೇ ಅವರು. ಎಡ್ಡಿ ಮರ್ಫಿಗೂ ಕಥೆಯ ವಿಷಯ ಗೊತ್ತಿತ್ತು.

ಒಂದು ಸಣ್ಣ ವಿವರ ನನಗೆ ಮರೆಯುವುದೇ ಇಲ್ಲ. ಸಿನಿಮಾದಲ್ಲಿ ರಾಜಕುಮಾರ ನೆಲ ಒರೆಸುವ ಕೋಲು ಹಿಡಿದು ದರೋಡೆ ತಡೆಯುತ್ತಾನೆ. ಆ ಹಿಂದೆ ಬುಕ್‌ವಾಲ್ಡ್ ಕಥೆಗೆ ಪ್ಯಾರಮೌಂಟೇ ಬರೆಸಿದ್ದ ಸ್ಕ್ರಿಪ್ಟ್‌ನಲ್ಲೂ ದೊರೆ ಅದೇ ಒರೆಸುವ ಕೋಲಿನಿಂದ ದರೋಡೆ ತಡೆಯುತ್ತಾನೆ. ನ್ಯಾಯಾಧೀಶರು ಇದನ್ನು ಗಮನಿಸಿ ಬರೆದರು.

1990ರ ಜನವರಿಯಲ್ಲಿ ಮೊದಲ ತೀರ್ಪು ಬಂತು. ಸಿನಿಮಾ ಬುಕ್‌ವಾಲ್ಡ್ ಅವರ ಕೃತಿಯನ್ನು ಆಧರಿಸಿದ್ದೇ. ಪ್ಯಾರಮೌಂಟ್ ಕರಾರು ಮುರಿದಿದೆ. ಆದರೆ ಮೋಸ ಮಾಡುವ ದುರುದ್ದೇಶವಿತ್ತು ಅನ್ನುವುದಕ್ಕೆ ಸಾಕ್ಷ್ಯವಿಲ್ಲ. ಈ ಎರಡನೇ ಮಾತನ್ನೂ ನೆನಪಿಡಬೇಕು. ಪತ್ರಿಕೆಗಳು ‘ಕಥೆ ಕದ್ದರು’ ಅಂತ ಬರೆದರೂ ಕೋರ್ಟ್ ಹಾಗೆ ಹೇಳಲಿಲ್ಲ.

ಬುಕ್‌ವಾಲ್ಡ್, ಬರ್ನ್‌ಹೈಮ್ ಗೆದ್ದರು. ಇನ್ನು ಲಾಭದಲ್ಲಿ ಶೇ 19 ತೆಗೆದುಕೊಳ್ಳುವುದಷ್ಟೇ ಬಾಕಿ. ಆಗ ಮುಂದೆ ಬಂದದ್ದು ಆ 1.8 ಕೋಟಿ ಕೊರತೆಯ ಹಾಳೆ.

ಎರಡನೇ ಪದ: ನಿವ್ವಳ ಲಾಭ

ನಮ್ಮಲ್ಲಿ ನೆಟ್ ಅಂದರೆ ಏನು? ಟಿಕೆಟ್ ದುಡ್ಡಿನಿಂದ ತೆರಿಗೆ ಕಳೆದರೆ ನೆಟ್. ಅದರಿಂದ ಥಿಯೇಟರ್ ಬಾಡಿಗೆ ಕಳೆದರೆ ಶೇರ್. ಗಲ್ಲಾಪೆಟ್ಟಿಗೆಯ ಸುದ್ದಿಯಲ್ಲಿ ನಾವು ಓದುವ ನೆಟ್ ಇದೇ. ಹಾಲಿವುಡ್ ಅಗ್ರಿಮೆಂಟ್‌ನ ನೆಟ್ ಇದಲ್ಲವೇ ಅಲ್ಲ. ಪದ ಒಂದೇ, ಅರ್ಥ ಬೇರೆ. ಅಗ್ರಿಮೆಂಟ್ ಮಾಡುವಾಗ ನಮ್ಮವರು ಎಡವುವುದು ಬಹಳ ಸಲ ಇಲ್ಲಿಯೇ. ಅವರ ಮನಸ್ಸಿನಲ್ಲಿ ಒಂದು ನೆಟ್, ಕಾಗದದಲ್ಲಿ ಇನ್ನೊಂದು ನೆಟ್.

ಪ್ಯಾರಮೌಂಟ್ ಲೆಕ್ಕ ಹೇಗೆ ನಡೆಯುತ್ತಿತ್ತು ಅಂತ ಅರ್ಥವಾಗಲಿಕ್ಕೆ ನಾನೇ ಒಂದು ಉದಾಹರಣೆ ಕಟ್ಟುತ್ತೇನೆ. ಅಂಕಿಗಳು ನನ್ನವು, ಕ್ರಮ ಮಾತ್ರ ಆ ಅಗ್ರಿಮೆಂಟ್‌ಗಳದ್ದು.

ಥಿಯೇಟರಿನವರ ಪಾಲು ಹೋಗಿ ಸ್ಟುಡಿಯೋಗೆ 100 ರೂಪಾಯಿ ಬಂತು ಅನ್ನಿ. ಮೊದಲು ಸ್ಟುಡಿಯೋ ತನಗೇ ವಿತರಣಾ ಶುಲ್ಕ ತೆಗೆದುಕೊಳ್ಳುತ್ತದೆ. ಅಂದಿನ ಅಗ್ರಿಮೆಂಟ್‌ಗಳಲ್ಲಿ ಇದು ಶೇ 30ರಿಂದ 40ರವರೆಗೆ ಇರುತ್ತಿತ್ತು. 33 ಅನ್ನೋಣ. ಉಳಿದದ್ದು 67. ಇದು ಖರ್ಚಲ್ಲ, ಶುಲ್ಕ. ಪ್ರಿಂಟ್, ಪ್ರಚಾರದ ಖರ್ಚು ಬೇರೆಯೇ ಇದೆ. ಅದು 25. ಜೊತೆಗೆ ಜಾಹೀರಾತು ವಿಭಾಗದ ಮೇಲ್ಖರ್ಚು ಅಂತ ಅದರ ಶೇ 10, ಅಂದರೆ ಎರಡೂವರೆ ರೂಪಾಯಿ. ಉಳಿದದ್ದು 39.50. ಸಿನಿಮಾ ತೆಗೆಯಲು ಆದ ಖರ್ಚು 30. ಅದರ ಮೇಲೆ ಸ್ಟುಡಿಯೋ ಓವರ್‌ಹೆಡ್ (ಸ್ಟುಡಿಯೋ ನಡೆಸುವ ಮೇಲ್ಖರ್ಚು) ಶೇ 15, ಅಂದರೆ ನಾಲ್ಕೂವರೆ. ಉಳಿದದ್ದು 5. ನಾಯಕನಿಗೂ ನಿರ್ದೇಶಕನಿಗೂ ಗ್ರಾಸ್‌ನಲ್ಲಿ, ಅಂದರೆ ಈ ಕಡಿತಗಳಿಗೆ ಮೊದಲಿನ ಒಟ್ಟು ಹಣದಲ್ಲೇ ಪಾಲಿದೆ, ಅದು 10. ಈಗ 5 ರೂಪಾಯಿ ಕೊರತೆ. ಹಾಕಿದ ದುಡ್ಡಿಗೆ ಬಡ್ಡಿ 4. ಕೊನೆಗೆ ಕೊರತೆ 9 ರೂಪಾಯಿ.

ಈಗ ನಿಜವಾಗಿ ಹೊರಗೆ ಹೋದ ದುಡ್ಡು ಎಷ್ಟು ನೋಡಿ. ಪ್ರಚಾರಕ್ಕೆ 25, ಚಿತ್ರೀಕರಣಕ್ಕೆ 30, ನಾಯಕ ಮತ್ತು ನಿರ್ದೇಶಕರಿಗೆ 10. ಒಟ್ಟು 65. ಬಂದದ್ದು 100. ಆಫೀಸು ನಡೆಸುವ ಖರ್ಚು, ಸಾಲದ ಬಡ್ಡಿ ಅಂತ ಒಂದಿಷ್ಟು ನಿಜವಾಗಿಯೂ ಹೋಗಿರುತ್ತದೆ, ಒಪ್ಪೋಣ. ಆದರೂ ಸ್ಟುಡಿಯೋ ಕೈಯಲ್ಲಿ ಒಳ್ಳೆಯ ಮೊತ್ತ ಉಳಿದಿದೆ. ಹಾಳೆಯಲ್ಲಿ ಮಾತ್ರ ನಷ್ಟ.

ಇನ್ನೂ ಒಂದು ವಿಷಯ. ಸಿನಿಮಾ ಇನ್ನಷ್ಟು ಓಡಿದರೆ ಕೊರತೆ ತುಂಬುತ್ತದೆ ಅಂದುಕೊಳ್ಳುತ್ತೇವೆ. ಆದರೆ ಬರುವ ಪ್ರತಿ ಹೊಸ ರೂಪಾಯಿಯಿಂದಲೂ ಮೊದಲು ವಿತರಣಾ ಶುಲ್ಕ ಹೋಗುತ್ತದೆ, ಗ್ರಾಸ್ ಪಾಲು ಹೋಗುತ್ತದೆ. ಆ ಕಡೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮುಟ್ಟಬೇಕಾದ ಗೆರೆ ನಮ್ಮ ಜೊತೆಗೇ ಮುಂದೆ ಮುಂದೆ ಓಡುತ್ತದೆ.

ಎಡ್ಡಿ ಮರ್ಫಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರೂ ಜಾನ್ ಲ್ಯಾಂಡಿಸ್ ಅವರೂ ಗ್ರಾಸ್‌ನಲ್ಲೇ ಪಾಲು ಪಡೆದಿದ್ದರು. ಇದೇ ಪ್ರಕರಣದಲ್ಲಿ ಹೇಳಿಕೆ ಕೊಡುವಾಗ ಮರ್ಫಿ ನೆಟ್ ಪಾಯಿಂಟ್‌ಗಳನ್ನು, ಅಂದರೆ ನಿವ್ವಳ ಲಾಭದ ಶೇಕಡಾ ಪಾಲನ್ನು, ಮಂಗನ ಪಾಯಿಂಟ್‌ಗಳು ಅಂತ ಕರೆದರು. ಚೌಕಾಸಿ ಮಾಡುವ ಬಲ ಇದ್ದವರಿಗೆ ಗ್ರಾಸ್, ಇಲ್ಲದವರಿಗೆ ನೆಟ್. ಒಂದೇ ಸಿನಿಮಾ, ಒಂದೇ ಗಲ್ಲಾಪೆಟ್ಟಿಗೆ.

ಎರಡನೇ ಹಂತದಲ್ಲಿ ಬುಕ್‌ವಾಲ್ಡ್ ಕಡೆಯವರು ಹೇಳಿದ್ದು ಇದು: ಈ ಲಾಭದ ಸೂತ್ರ ಒಬ್ಬರೇ ಬರೆದದ್ದು, ಇನ್ನೊಬ್ಬರಿಗೆ ಒಪ್ಪು ಇಲ್ಲವೇ ಬಿಡು ಅಂತ ಕೊಟ್ಟದ್ದು, ಮನಸ್ಸಾಕ್ಷಿಗೆ ಒಪ್ಪದಷ್ಟು ಏಕಪಕ್ಷೀಯ. ಪ್ಯಾರಮೌಂಟ್ ಉತ್ತರವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬರ್ನ್‌ಹೈಮ್ ಅನುಭವಿ. ಚೌಕಾಸಿ ಮಾಡಿಯೇ ಸಹಿ ಹಾಕಿದ್ದಾರೆ. ಹೆಚ್ಚಿನ ಸಿನಿಮಾಗಳು ದುಡ್ಡು ಕಳೆಯುತ್ತವೆ. ಗೆದ್ದ ಒಂದು ಸಿನಿಮಾ ಸೋತ ಹತ್ತನ್ನು ಹೊರಬೇಕು. ಆ ಅಪಾಯ ಹೊತ್ತವರು ನಾವು, ಲೇಖಕರಲ್ಲ.

ಈ ಕೊನೆಯ ಮಾತಿನಲ್ಲಿ ಸತ್ಯವಿದೆ ಅಂತ ನಾನೂ ಒಪ್ಪುತ್ತೇನೆ. ನಿರ್ಮಾಣದಲ್ಲಿ ದುಡ್ಡು ಕಳೆದುಕೊಂಡು ಮನೆ ಮಾರಿದವರು ನಮ್ಮಲ್ಲೂ ಇದ್ದಾರೆ. ಅಪಾಯಕ್ಕೆ ಬೆಲೆ ಬೇಕೇ ಬೇಕು. ಆದರೆ ನ್ಯಾಯಾಧೀಶರು, ಹಾಗಿದ್ದರೆ ಕಂಪನಿಯ ಒಟ್ಟಾರೆ ಲಾಭ ನಷ್ಟವನ್ನು ಪರಿಣತರಿಂದ ನೋಡಿಸೋಣ ಅನ್ನುವ ಕಡೆ ಹೊರಟಾಗ ಪ್ಯಾರಮೌಂಟ್ ಆ ವಾದವನ್ನೇ ವಾಪಸ್ ತೆಗೆದುಕೊಂಡಿತು. ಪುಸ್ತಕ ತೆರೆದು ತೋರಿಸುವುದಕ್ಕಿಂತ ವಾದ ಬಿಡುವುದೇ ಮೇಲು ಅಂತ ಕಂಡಿರಬೇಕು.

1990ರ ಡಿಸೆಂಬರ್‌ನಲ್ಲಿ ಶ್ನೈಡರ್ ಎರಡನೇ ತೀರ್ಪು ಕೊಟ್ಟರು. ಸಂಭಾವನೆಯ ಮೊತ್ತದಂಥ ಕೆಲವು ವಿಷಯದಲ್ಲಿ ಚೌಕಾಸಿ ನಡೆದಿದ್ದರೂ ನಿವ್ವಳ ಲಾಭದ ಅನುಬಂಧ ಮುಟ್ಟಲಾಗದ ಕಾಗದವಾಗಿತ್ತು ಅಂದರು. ಅದರಲ್ಲಿ ಏಳು ಅಂಶಗಳು ನ್ಯಾಯಬಾಹಿರ ಅಂತ ಗುರುತಿಸಿದರು. ನಿಜವಾದ ಖರ್ಚಿಗೆ ಸಂಬಂಧವೇ ಇಲ್ಲದ ಶೇ 15 ಓವರ್‌ಹೆಡ್. ಅದೇ ರೀತಿಯ ಶೇ 10 ಜಾಹೀರಾತು ಓವರ್‌ಹೆಡ್. ಎಡ್ಡಿ ಮರ್ಫಿಯ ಸ್ವಂತ ಕಂಪನಿಗೆ ಸ್ಟುಡಿಯೋ ಕೊಟ್ಟ ಭತ್ಯೆಯ ಮೇಲೂ ಶೇ 15. ಓವರ್‌ಹೆಡ್ ಮೇಲೆ ಬಡ್ಡಿ. ಬೇರೆಯವರಿಗೆ ಕೊಟ್ಟ ಪಾಲಿನ ಮೇಲೆ ಬಡ್ಡಿ. ವಿತರಣಾ ಶುಲ್ಕವಾಗಿ ಆಗಲೇ ಕೈಗೆ ಬಂದದ್ದನ್ನು ಸಾಲಕ್ಕೆ ವಜಾ ಮಾಡದೆ ಪೂರ್ತಿ ಮೊತ್ತದ ಮೇಲೆ ಬಡ್ಡಿ. ಸ್ಟುಡಿಯೋ ತಾನು ಕೊಡುವ ಬಡ್ಡಿಗೆ ತಾಳೆಯಾಗದ ಬಡ್ಡಿ ದರ.

ಓವರ್‌ಹೆಡ್ ಮೇಲೆ ಬಡ್ಡಿ ಅನ್ನುವುದನ್ನು ನಾನು ಮೊದಲ ಸಲ ಓದಿದಾಗ ಎರಡು ಸಲ ಓದಬೇಕಾಯಿತು. ಓವರ್‌ಹೆಡ್ ಅನ್ನುವುದು ಯಾರಿಂದಲೂ ಸಾಲ ತಂದ ದುಡ್ಡಲ್ಲ. ಕಾಗದದ ಮೇಲೆ ಸೇರಿಸಿದ ಅಂಕಿ. ಅದಕ್ಕೆ ಬಡ್ಡಿ! ನಮ್ಮ ಊರಿನ ಮೀಟರ್ ಬಡ್ಡಿಯವರೂ ಕೊಟ್ಟ ಅಸಲಿನ ಮೇಲೇ ಲೆಕ್ಕ ಶುರು ಮಾಡುತ್ತಾರೆ.

ಒಂದು ಮಾತು ಮರೆಯಬಾರದು. ಎಲ್ಲಕ್ಕಿಂತ ದೊಡ್ಡ ಕಡಿತವಾದ ವಿತರಣಾ ಶುಲ್ಕವನ್ನು ಕೋರ್ಟ್ ಆ ಪಟ್ಟಿಗೆ ಸೇರಿಸಲಿಲ್ಲ.

ಕೈಗೆ ಬಂದದ್ದು

ಸೂತ್ರ ಬಿದ್ದಮೇಲೆ ಲಾಭವನ್ನು ಅಳೆಯುವುದು ಯಾವುದರಿಂದ? ಮೂರನೇ ಹಂತದಲ್ಲಿ ನ್ಯಾಯಾಧೀಶರು ಇಬ್ಬರ ಕೊಡುಗೆಗೂ ಮಾರುಕಟ್ಟೆಯಲ್ಲಿ ನ್ಯಾಯವಾಗಿ ಎಷ್ಟು ಬೆಲೆ ಬರುತ್ತಿತ್ತು ಅಂತ ನೋಡಿದರು. 1992ರ ಮಾರ್ಚ್‌ನಲ್ಲಿ ಬುಕ್‌ವಾಲ್ಡ್‌ಗೆ 1.5 ಲಕ್ಷ ಡಾಲರ್, ಬರ್ನ್‌ಹೈಮ್‌ಗೆ 7.5 ಲಕ್ಷ ಡಾಲರ್ ಕೊಡಿ ಅಂತ ಆದೇಶವಾಯಿತು. ಒಟ್ಟು 9 ಲಕ್ಷ. ಅವರು ಕೇಳಿದ್ದು ಇದರ ಎಷ್ಟೋ ಪಟ್ಟು. ವಕೀಲರ ಕಡೆಯ ಕೆಲಸದ ಬೆಲೆಯೇ ಇದಕ್ಕಿಂತ ಜಾಸ್ತಿಯಾಗಿತ್ತು. ಮೇಲ್ಮನವಿಯಲ್ಲಿ ತೀರ್ಪು ಬರುವ ಮೊದಲೇ ಎರಡೂ ಕಡೆಯವರು ರಾಜಿಯಾದರು.

ರಾಜಿಯಾದ್ದರಿಂದ ಆದ ನಷ್ಟ ದೊಡ್ಡದು. ಮೇಲಿನ ಕೋರ್ಟ್ ಈ ಪ್ರಶ್ನೆಯ ಮೇಲೆ ತೀರ್ಪು ಬರೆಯಲಿಲ್ಲ. ಹಾಗಾಗಿ ಬೇರೆ ನ್ಯಾಯಾಧೀಶರು ಶ್ನೈಡರ್ ಮಾತನ್ನು ಒಪ್ಪಲೇಬೇಕು ಅಂತ ಇರಲಿಲ್ಲ. 1994ರಲ್ಲಿ ಅದೇ ಊರಿನ ಅದೇ ಕೋರ್ಟ್‌ನಲ್ಲಿ ‘ಬ್ಯಾಟ್‌ಮ್ಯಾನ್’ ಚಿತ್ರದ ಇಬ್ಬರು ನಿರ್ಮಾಪಕರು, ಬೆಂಜಮಿನ್ ಮೆಲ್ನಿಕರ್ ಮತ್ತು ಮೈಕೆಲ್ ಉಸ್ಲಾನ್, ವಾರ್ನರ್ ಬ್ರದರ್ಸ್ ವಿರುದ್ಧ ಇದೇ ವಾದ ಮಂಡಿಸಿದರು. ಬೇರೆ ನ್ಯಾಯಾಧೀಶರು ಒಪ್ಪಲಿಲ್ಲ. ನಿರ್ಮಾಪಕರು ಸೋತರು.

ಸ್ಟುಡಿಯೋಗಳು ಕಲಿತ ಪಾಠ ಬೇರೆ. ಹೊಸ ಅಗ್ರಿಮೆಂಟ್‌ಗಳಿಂದ ‘ಲಾಭ’ ಅನ್ನುವ ಪದವನ್ನೇ ತೆಗೆದರು. ಅದರ ಜಾಗಕ್ಕೆ ‘ವ್ಯಾಖ್ಯಾನಿತ ನಿವ್ವಳ ಉತ್ಪತ್ತಿ’ ಅನ್ನುವಂಥ ಹೆಸರುಗಳು ಬಂದವು. ಇದು ಸಾಮಾನ್ಯ ಅರ್ಥದ ಲಾಭವಲ್ಲ, ಬರೀ ಒಂದು ಲೆಕ್ಕದ ಸೂತ್ರ ಅಂತ ಕಾಗದದಲ್ಲೇ ಬರೆಯತೊಡಗಿದರು. ಕಡಿತಗಳು ಬಹುಪಾಲು ಉಳಿದವು.

ನಮ್ಮ ಮೇಜಿನ ಮೇಲೆ

ಭಾರತದಲ್ಲಿ ಇಂಥ ಕರಾರನ್ನು ಕೋರ್ಟ್ ಮುರಿಯುತ್ತದೆಯೇ ಅಂತ ಕೇಳುತ್ತಾರೆ. 1986ರ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಲ ಸಮವಿಲ್ಲದವರ ನಡುವಿನ ಅನ್ಯಾಯದ ಷರತ್ತು ನಿಲ್ಲುವುದಿಲ್ಲ ಅಂತ ಹೇಳಿತು. ಅದು ನೌಕರಿಯ ಕೇಸು. ಇಬ್ಬರೂ ವ್ಯಾಪಾರಸ್ಥರಾಗಿ ವ್ಯಾಪಾರದ ಕರಾರು ಮಾಡಿಕೊಂಡಾಗ ಈ ತತ್ವ ಅನ್ವಯಿಸದು ಅಂತ ಅದೇ ತೀರ್ಪಿನಲ್ಲಿ ಇದೆ. ನಿರ್ಮಾಪಕನನ್ನು ಕೋರ್ಟ್ ವ್ಯಾಪಾರಸ್ಥ ಅಂತಲೇ ನೋಡುವ ಸಾಧ್ಯತೆ ಜಾಸ್ತಿ. ಆದ್ದರಿಂದ ಸಹಿ ಆದಮೇಲೆ ಕೋರ್ಟ್ ಕಾಪಾಡುತ್ತದೆ ಅನ್ನುವ ಧೈರ್ಯವನ್ನು ನಾನು ಯಾರಿಗೂ ಕೊಡುವುದಿಲ್ಲ.

ಶೇ 20 ಕೇಳಿಕೊಂಡು ಬಂದವರ ಅಗ್ರಿಮೆಂಟ್‌ನಲ್ಲಿ ನೆಟ್ ಅನ್ನುವ ಪದದ ವಿವರಣೆ ಕೊನೆಯ ಅನುಬಂಧದಲ್ಲಿತ್ತು. ಅವರಿಗೆ ಕಳಿಸಿದ ಪ್ರತಿಯಲ್ಲಿ ಆ ಅನುಬಂಧವೇ ಇರಲಿಲ್ಲ. ಮೊದಲು ಅದನ್ನು ತರಿಸಿಕೊಂಡೆವು. ಅದರಲ್ಲಿ ಕಂಪನಿಯ ಮೇಲ್ವಿಚಾರಣಾ ಶುಲ್ಕಕ್ಕೆ ಮಿತಿಯೇ ಇರಲಿಲ್ಲ. ಆ ಶುಲ್ಕಕ್ಕೂ ಬಡ್ಡಿ ಹಚ್ಚುವ ಒಂದು ಸಾಲಿತ್ತು. ಎರಡು ವಾರ ಹೋಗಿ ಬಂದೆವು. ಶೇ 20 ಬಿಟ್ಟು ಶೇ 8ಕ್ಕೆ ಒಪ್ಪಿಕೊಳ್ಳಿ, ಆದರೆ ಕಂಪನಿಗೆ ಬರುವ ಒಟ್ಟು ಹಣದಿಂದ ತೆರಿಗೆ ಮತ್ತು ಬಿಲ್ ಇರುವ ಪ್ರಚಾರದ ಖರ್ಚು ಮಾತ್ರ ಕಳೆಯುವಂತೆ ಬರೆಸಿಕೊಳ್ಳಿ ಅಂದೆ. “ಇಪ್ಪತ್ತರಿಂದ ಎಂಟಾ?” ಅಂತ ಅವರ ಮುಖ ಸಣ್ಣದಾಯಿತು. ಮೇಲಿನ 100 ರೂಪಾಯಿ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವರೇ ಕ್ಯಾಲ್ಕುಲೇಟರ್ ತೆಗೆದು ಇನ್ನೊಮ್ಮೆ ಮಾಡಿ ನೋಡಿದರು.

ಕಂಪನಿ ಶೇ 7ಕ್ಕೆ ಒಪ್ಪಿತು. ವರ್ಷಕ್ಕೊಮ್ಮೆ ನಮ್ಮ ಆಡಿಟರ್ ಲೆಕ್ಕದ ಪುಸ್ತಕ ನೋಡಬಹುದು ಅನ್ನುವ ಸಾಲೂ ಸೇರಿತು. ಬಡ್ಡಿಯ ಸಾಲು ಹೋಯಿತು. ಎಷ್ಟು ಕೇಳಿದರೂ ಮೇಲ್ವಿಚಾರಣಾ ಶುಲ್ಕದ ವಿಷಯ ಮಾತ್ರ ಅಗ್ರಿಮೆಂಟ್‌ನ ಬೇರೆ ಕಡೆ ಹಾಗೆಯೇ ಉಳಿಯಿತು. ಶೂಟಿಂಗ್ ಸಕಲೇಶಪುರದಲ್ಲಿ ಮಳೆ ನಿಂತ ಮೇಲೆ ಶುರು.